ಕೊಲೇಟ್ ಎಂದರೇನು, ಕನ್ನಡದಲ್ಲಿ ಏನೆನ್ನಬೇಕು? ಕಾಸರಗೋಡಿನ ಕಡತ, ಪಟ್ಟಿ, ಹಸ್ತಪ್ರತಿಗಳ ಕೆಲಸದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಲೇಟ್ (collate) ಎಂಬ ಇಂಗ್ಲಿಷ್ ಪದಕ್ಕೆ ‘ಸಂಗ್ರಹಿಸು’ ಎಂದೇ ಅರ್ಥ ಅಲ್ಲವೇ?

ಅಲ್ಲ. ಬಹಳಷ್ಟು ತೊಂದರೆ ಹುಟ್ಟುವುದು ಹಾಗೆ ತಿಳಿಯುವುದರಿಂದಲೇ. ಬೇರೆ ಬೇರೆ ಕಡೆಯಿಂದ ಬಂದ ಕಾಗದ, ಪಟ್ಟಿ ಅಥವಾ ಪಾಠಗಳನ್ನು (ಒಂದೇ ಕೃತಿಯ ಬೇರೆ ಬೇರೆ ಪ್ರತಿಗಳಲ್ಲಿರುವ ಬರಹ) ಒಂದೆಡೆ ತರಬೇಕು, ಒಂದನ್ನೊಂದು ಹೋಲಿಸಿ ನೋಡಬೇಕು, ಸರಿಯಾದ ಅನುಕ್ರಮದಲ್ಲಿ ಜೋಡಿಸಬೇಕು. ಈ ಮೂರೂ ಸೇರಿದರೆ ಕೊಲೇಟ್. ಏಳು ವಾರ್ಡುಗಳ ಪಟ್ಟಿಯನ್ನು ಒಂದೇ ಫೈಲಿಗೆ ಪಿನ್ ಹೊಡೆದಿಟ್ಟರೆ ಅದು ಸಂಗ್ರಹ. ಒಂದೇ ಮನೆ ಎರಡು ವಾರ್ಡಿನಲ್ಲಿ ಬಂದಿದೆಯೇ, ಯಾವುದಾದರೂ ಹಾಳೆ ಬಿಟ್ಟುಹೋಗಿದೆಯೇ, ಎಲ್ಲರೂ ಒಂದೇ ಕಾಲಂ ಕ್ರಮ ಪಾಲಿಸಿದ್ದಾರೆಯೇ ಎಂದು ನೋಡಿ ಸಾಲಾಗಿ ಇಟ್ಟಾಗ ಮಾತ್ರ ಕೊಲೇಟ್ ಮಾಡಿದ ಹಾಗಾಯಿತು.

ಇನ್ನೊಂದು ಮಾತು ಈ ಅರ್ಥದೊಳಗೇ ಅಡಗಿದೆ: ಮೂಲದಲ್ಲಿ ಏನಿತ್ತೋ ಅದು ಹಾಗೆಯೇ ಉಳಿಯಬೇಕು. ಯಾವ ವಿವರ ಎಲ್ಲಿಂದ ಬಂತು ಎಂದು ಮುಂದೆ ಯಾರು ಕೇಳಿದರೂ ತೋರಿಸಲು ಸಾಧ್ಯವಾಗಬೇಕು.

ಉಚ್ಚಾರ ಹೇಗೆ? ಮೂಲ ಯಾವುದು?

ಬ್ರಿಟಿಷ್ ಉಚ್ಚಾರದಲ್ಲಿ ಒತ್ತು ಎರಡನೆಯ ಭಾಗಕ್ಕೆ ಬೀಳುತ್ತದೆ, ‘ಕಲೇಟ್’ ಎಂಬಂತೆ ಕೇಳಿಸುತ್ತದೆ. ಮೊದಲ ಭಾಗಕ್ಕೆ ಒತ್ತು ಕೊಡುವವರೂ ಇದ್ದಾರೆ. ಕನ್ನಡದಲ್ಲಿ ಬರೆಯುವಾಗ ‘ಕೊಲೇಟ್’ ಎಂಬುದು ರೂಢಿ, ಅದೇ ಸಾಕು. ನಾಮಪದ ‘ಕೊಲೇಶನ್’.

ಮೂಲ ಲ್ಯಾಟಿನ್. ‘ಕೊನ್ಫೆರ್ರೆ’ ಎಂಬ ಕ್ರಿಯಾಪದಕ್ಕೆ ‘ಒಟ್ಟಿಗೆ ತರು’ ಎಂದರ್ಥ, ಅದರ ಕೃದಂತ ರೂಪ ‘ಕೊಲ್ಲಾಟುಸ್’. ಇಂಗ್ಲಿಷ್ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ‘ಹೋಲಿಸಿ ನೋಡಿ’ ಎಂಬರ್ಥದಲ್ಲಿ ಬರುವ ಸಿ.ಎಫ್. ಎಂಬ ಸಂಕ್ಷೇಪವೂ ಇದೇ ಕ್ರಿಯಾಪದದ್ದು. ಅಂದರೆ ಹೋಲಿಕೆ ಎಂಬುದು ಈ ಪದಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿದೆ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಯಾವುದು?

ಒಂದೇ ಪದ ಎಲ್ಲ ಕಡೆ ಹೊಂದುವುದಿಲ್ಲ. ಸಂದರ್ಭ ನೋಡಿ ಆರಿಸಬೇಕು.

ಕಚೇರಿ ಪತ್ರದಲ್ಲಿ ಕ್ರೋಡೀಕರಿಸು ಒಳ್ಳೆಯ ಪದ. ಸಂಸ್ಕೃತದಲ್ಲಿ ‘ಕ್ರೋಡ’ ಎಂದರೆ ಎದೆ, ಮಡಿಲು. ಕ್ರೋಡೀಕರಣ ಎಂದರೆ ಮಡಿಲಿಗೆ ಸೇರಿಸಿಕೊಳ್ಳುವುದು. ಕಾಸರಗೋಡಿನವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಮಲಯಾಳದಲ್ಲೂ ‘ಕ್ರೋಡೀಕರಿಕ್ಕುಗ’ ಎಂಬ ಕ್ರಿಯಾಪದ ಬಳಕೆಯಲ್ಲಿದೆ. ಕನ್ನಡ ಅರ್ಜಿಯನ್ನು ಮಲಯಾಳ ಬಲ್ಲ ಸಿಬ್ಬಂದಿಗೆ ಓದಿ ಹೇಳುವಾಗ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕ್ರೋಡೀಕರಿಸು ಎಂಬುದರಲ್ಲಿ ಸೇರಿಸುವ ಅರ್ಥ ಗಟ್ಟಿಯಾಗಿದೆ, ಹೋಲಿಸುವ ಅರ್ಥ ತೆಳು. ಹೋಲಿಕೆಯೇ ಮುಖ್ಯವಾದಲ್ಲಿ ತಾಳೆ ನೋಡು, ತಾಳೆ ಹಾಕು ಎನ್ನಿ. ಅಂಗಡಿಯ ಲೆಕ್ಕ ಪುಸ್ತಕದಿಂದ ಹಿಡಿದು ಮತದಾರರ ಪಟ್ಟಿಯ ತನಕ ನಮ್ಮವರು ಆಡುವ ಮಾತು ಇದೇ. ಸಂಶಯವಿದ್ದರೆ ಎರಡನ್ನೂ ಜೊತೆಗೂಡಿಸಿ: ‘ವಾರ್ಡುವಾರು ಪಟ್ಟಿಗಳನ್ನು ತಾಳೆ ನೋಡಿ ಕ್ರೋಡೀಕರಿಸಿ ಸಲ್ಲಿಸುವುದು.’ ಕೊಲೇಟ್ ಎಂಬ ಒಂದು ಪದದ ಪೂರ್ತಿ ಅರ್ಥ ಈ ವಾಕ್ಯದಲ್ಲಿ ಬಂದಿದೆ.

ಮುದ್ರಣದಲ್ಲಾದರೆ ಪುಟ ಜೋಡಿಸು. ಹಸ್ತಪ್ರತಿಗಳ ವಿಷಯದಲ್ಲಿ ಪಾಠಗಳನ್ನು ಹೋಲಿಸು, ಪಾಠಾಂತರ (ಪ್ರತಿಯಿಂದ ಪ್ರತಿಗೆ ಪಾಠದ ವ್ಯತ್ಯಾಸ) ಗುರುತಿಸು. ‘ಒಗ್ಗೂಡಿಸು’ ಎಂಬುದು ಜನರನ್ನು ಸೇರಿಸುವ ಮಾತಿಗಿರಲಿ, ಕಾಗದಪತ್ರಕ್ಕೆ ಬೇಡ.

ಕಂಪೈಲ್, ಕನ್ಸಾಲಿಡೇಟ್, ಟ್ಯಾಬ್ಯುಲೇಟ್: ಇವೆಲ್ಲ ಒಂದೇ ಅಲ್ಲವೇ?

ಅಕ್ಕಪಕ್ಕದವು, ಒಂದೇ ಅಲ್ಲ. ಕಂಪೈಲ್ ಎಂದರೆ ಆಯ್ದು ಸಂಕಲಿಸಿ ಹೊಸದೊಂದನ್ನು ಮಾಡುವುದು. ಅಲ್ಲಿ ಬೇಡದ್ದನ್ನು ಬಿಡುವ ಸ್ವಾತಂತ್ರ್ಯವಿದೆ. ಕನ್ಸಾಲಿಡೇಟ್ ಎಂದರೆ ಹಲವನ್ನು ಕರಗಿಸಿ ಒಂದು ಮಾಡುವುದು, ಏಳು ವಾರ್ಡಿನ ಖರ್ಚು ಕೂಡಿಸಿ ಒಂದು ಮೊತ್ತ ಬರೆದ ಹಾಗೆ. ಅಲ್ಲಿ ಬಿಡಿ ಬಿಡಿ ಮೂಲ ಕಾಣಿಸುವುದಿಲ್ಲ. ಟ್ಯಾಬ್ಯುಲೇಟ್ ಎಂದರೆ ಕೋಷ್ಟಕಕ್ಕೆ ಇಳಿಸುವುದು, ಅಷ್ಟೇ.

ಕೊಲೇಟ್ ಮಾಡಿದ ಕಡತದಲ್ಲಿ ಪ್ರತಿ ಸಾಲೂ ತನ್ನ ಮೂಲ ಸಮೇತ ಇರುತ್ತದೆ. ‘ಕನ್ಸಾಲಿಡೇಟ್ ಮಾಡಿ ಕಳಿಸಿ’ ಎಂದು ಕೇಳಿದಲ್ಲಿ ಕೊಲೇಟ್ ಮಾಡಿದ 40 ಪುಟ ಕಳಿಸಿದರೆ ಅದು ವಾಪಸು ಬಂದೀತು. ‘ಕೊಲೇಟ್’ ಕೇಳಿದಲ್ಲಿ ಮೊತ್ತ ಮಾತ್ರ ಕಳಿಸಿದರೂ ಅದೇ ಗತಿ.

ಇಂಗ್ಲಿಷ್ ವಾಕ್ಯದಲ್ಲಿ ಹೇಗೆ ಬಳಸಬೇಕು?

ಸೇರಿಸುವ ಅರ್ಥದಲ್ಲಿ ಅದರ ಮುಂದೆ ‘ಫ್ರಮ್’ ಬರುತ್ತದೆ, ಮಾಹಿತಿ ಎಲ್ಲಿಂದ ಬಂತೋ ಅದನ್ನು ಹೇಳಲು. ಒಂದು ಪ್ರತಿಯನ್ನು ಇನ್ನೊಂದರೊಂದಿಗೆ ಹೋಲಿಸುವ ಅರ್ಥದಲ್ಲಿ ‘ವಿತ್’ ಬರುತ್ತದೆ. ವ್ಯಕ್ತಿಗಳನ್ನು ಕೊಲೇಟ್ ಮಾಡುವುದಿಲ್ಲ, ಅವರ ಉತ್ತರಗಳನ್ನು ಮಾಡಬಹುದು. ‘ಕೊಲೇಟ್ ಟುಗೆದರ್’ ಎಂದು ಬರೆಯುವುದು ಬೇಡ. ‘ಒಟ್ಟಿಗೆ’ ಪದದೊಳಗೇ ಇದೆ. ವರದಿ, ಸುತ್ತೋಲೆ, ಸಂಶೋಧನಾ ಪ್ರಬಂಧಗಳಿಗೆ ಒಗ್ಗುವ ಪದ ಇದು, ಮನೆಮಂದಿಗೆ ಬರೆಯುವ ಕಾಗದಕ್ಕಲ್ಲ.

ಹಲವು ವಾರ್ಡುಗಳಿಂದ ಬಂದ ಪಟ್ಟಿಗಳನ್ನು ಕೊಲೇಟ್ ಮಾಡುವ ಕ್ರಮ ಹೇಗೆ?

ಮೊದಲು ಬಂದ ಫೈಲುಗಳ ಒಂದೊಂದು ಪ್ರತಿಯನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿಡಿ. ಕಾಗದದಲ್ಲಿ ಬಂದಿದ್ದರೆ ಪ್ರತಿ ಹಾಳೆಯ ಮೇಲೂ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿ: ವಾರ್ಡ್ 3ರ 5ನೆಯ ಹಾಳೆಯಾದರೆ 3-5.

ನಂತರ ಹೊಸ ಹಾಳೆಯೊಂದರಲ್ಲಿ ಕಾಲಂಗಳ ಕ್ರಮ ನಿರ್ಧರಿಸಿ. ಮೊದಲ ಎರಡು ಕಾಲಂ ‘ಮೂಲ’ ಮತ್ತು ‘ಮೂಲದ ಸಾಲು ಸಂಖ್ಯೆ’ ಆಗಿರಲಿ. ಇದನ್ನು ಕೊನೆಗೆ ಸೇರಿಸೋಣ ಎಂದುಕೊಂಡರೆ ಆಗದು. ಒಮ್ಮೆ ಅಕಾರಾದಿಯಾಗಿ ಜೋಡಿಸಿದ ಮೇಲೆ ಯಾವ ಸಾಲು ಎಲ್ಲಿಯದು ಎಂದು ಹೇಳಲು ದಾರಿಯೇ ಇರುವುದಿಲ್ಲ.

ಸೇರಿಸುವ ಮೊದಲು ಪ್ರತಿ ಪಟ್ಟಿಯ ಸಾಲು ಎಣಿಸಿ ಬರೆದಿಡಿ. ಮೂರು ವಾರ್ಡುಗಳಲ್ಲಿ 214, 187, 196 ಸಾಲುಗಳಿವೆ ಎನ್ನೋಣ. ಸೇರಿಸಿದ ಮೇಲೆ 597 ಇರಲೇಬೇಕು. 596 ಬಂದರೆ ಮುಂದೆ ಹೋಗಬೇಡಿ. ಹೆಚ್ಚಿನ ಸಲ ಹಾಗಾಗುವುದು ನಕಲು ಮಾಡುವಾಗ ಕೊನೆಯ ಸಾಲನ್ನು ಆಯ್ಕೆಯಿಂದ ಬಿಟ್ಟದ್ದರಿಂದ. 598 ಬಂದರೆ ಯಾವುದೋ ವಾರ್ಡಿನ ಶೀರ್ಷಿಕೆ ಸಾಲು ಒಳಗೆ ಸೇರಿಕೊಂಡಿರಬಹುದು.

ಆಮೇಲೆ ಇಮ್ಮಡಿ ಸಾಲುಗಳ ಹುಡುಕಾಟ. ಹೆಸರಿನಿಂದ ಹುಡುಕಬೇಡಿ. ಒಬ್ಬರೇ ವ್ಯಕ್ತಿ ಒಂದು ಪಟ್ಟಿಯಲ್ಲಿ ‘ಕೆ. ಐತಪ್ಪ’, ಇನ್ನೊಂದರಲ್ಲಿ ‘ಐತ್ತಪ್ಪ ಕೆ’, ಮಲಯಾಳದಿಂದ ಲಿಪ್ಯಂತರಿಸಿದ ಮೂರನೆಯದರಲ್ಲಿ ‘ಐತಪ್ಪನ್’ ಆಗಿರಬಹುದು. ರೇಷನ್ ಕಾರ್ಡ್ ಸಂಖ್ಯೆ, ಮನೆ ಸಂಖ್ಯೆಯಂಥ, ಬರೆಯುವವರಿಗೆ ತಕ್ಕಂತೆ ಬದಲಾಗದ ಗುರುತು ಹಿಡಿದು ಹುಡುಕಿ, ಹೆಸರನ್ನು ಎರಡನೆಯ ಸಾಕ್ಷಿಯಾಗಿ ಮಾತ್ರ ಬಳಸಿ. ಒಂದೇ ಮನೆಯಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಒಂದೇ ಹೆಸರಿರುವುದು ನಮ್ಮಲ್ಲಿ ಹೊಸದಲ್ಲ, ಹೀಗಾಗಿ ಹುಟ್ಟಿದ ವರ್ಷವನ್ನೂ ನೋಡಿ. ಸಿಕ್ಕಿದ ಇಮ್ಮಡಿ ಸಾಲುಗಳನ್ನು ಅಳಿಸದೆ ಬೇರೆ ಹಾಳೆಗೆ ಸರಿಸಿ. 9 ಸಿಕ್ಕಿದವು ಎಂದಾದರೆ ಮುಖ್ಯ ಹಾಳೆಯಲ್ಲಿ 588, ಬದಿಯ ಹಾಳೆಯಲ್ಲಿ 9. ಕೂಡಿಸಿದರೆ ಮತ್ತೆ 597.

ಅಂಕಿಗಳ ಕಾಲಂಗಳನ್ನು ತುಂಬುವ ಮೊದಲೇ ‘ಟೆಕ್ಸ್ಟ್’ ಎಂದು ಗುರುತು ಮಾಡಿ. ಇಲ್ಲದಿದ್ದರೆ ಸಂಖ್ಯೆಯ ಮುಂದಿರುವ ಸೊನ್ನೆ ಹಾರಿಹೋಗುತ್ತದೆ. ಎಕ್ಸೆಲ್ 15 ಅಂಕಿಗಳನ್ನಷ್ಟೇ ನಿಖರವಾಗಿ ಹಿಡಿದಿಡುವುದರಿಂದ 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ಹಣ ಬರಬೇಕಾದವರಿಗೆ ಬಾರದೆ ಹೋಗಲು ಇಷ್ಟು ಸಾಕು. ಒಬ್ಬ ವಿಧವೆಯ ಪಿಂಚಣಿ ನಿಂತರೆ ಅವರು ಯಾವ ಕಿಟಕಿಯ ಮುಂದೆ ಎಷ್ಟು ದಿನ ನಿಲ್ಲಬೇಕಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಈ ಕಾಲಂ ತುಂಬಿ.

ಹಳೆಯ ಕಾಗದದಲ್ಲಿ ಊರು ಒಂದೇ, ಜಿಲ್ಲೆ ಬೇರೆ ಬೇರೆ. ಯಾವುದನ್ನು ಸರಿ ಎನ್ನಬೇಕು?

ಎಲ್ಲವೂ ಸರಿ. ನಮ್ಮ ಜಿಲ್ಲೆಯ ಕಡತಗಳನ್ನು ಜೋಡಿಸುವವರು ಮೊದಲು ಕಲಿಯಬೇಕಾದ ಪಾಠ ಇದು. ಕುಂಬಳೆಯ ಒಂದೇ ಜಾಗದ ಕಾಗದವನ್ನು ತೆಗೆದುಕೊಳ್ಳಿ. 1956ರ ನವೆಂಬರ್ 1ರ ಮೊದಲಿನದಾದರೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. 1957ರಿಂದ ಕೇರಳದ ಕಣ್ಣೂರು ಜಿಲ್ಲೆ. 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ತಾಲೂಕಿನಲ್ಲೂ ಬದಲಾವಣೆಯಿದೆ: 2014ರಲ್ಲಿ ಮಂಜೇಶ್ವರ ಮತ್ತು ವೆಳ್ಳರಿಕುಂಡ್ ತಾಲೂಕುಗಳು ಹೊಸದಾಗಿ ಬಂದವು. ಆದ್ದರಿಂದ ಅದಕ್ಕಿಂತ ಹಿಂದಿನ ಪಟ್ಟಿಯಲ್ಲಿ ಕಾಸರಗೋಡು ತಾಲೂಕು ಎಂದಿದ್ದ ಉಪ್ಪಳ ಈಗಿನ ಪಟ್ಟಿಯಲ್ಲಿ ಮಂಜೇಶ್ವರ ತಾಲೂಕಿನಲ್ಲಿ ಕಾಣಿಸುತ್ತದೆ.

ಇದನ್ನು ಗಮನಿಸದೆ ಜಿಲ್ಲೆ, ತಾಲೂಕುಗಳ ಪ್ರಕಾರ ಕಾಗದ ಬೇರ್ಪಡಿಸಿದರೆ ಒಂದೇ ಮನೆತನದ ದಾಖಲೆ ಮೂರು ಕಟ್ಟುಗಳಿಗೆ ಹಂಚಿಹೋಗುತ್ತದೆ. ಗ್ರಾಮದ ಹೆಸರನ್ನೇ ಆಧಾರವಾಗಿಟ್ಟುಕೊಳ್ಳಿ. ‘ಕಾಗದದಲ್ಲಿರುವ ಜಿಲ್ಲೆ’, ‘ಈಗಿನ ಜಿಲ್ಲೆ’ ಎಂದು ಎರಡು ಕಾಲಂ ಮಾಡಿ.

ಊರ ಹೆಸರಿಗೂ ಇದೇ ಮಾತು. ಹೊಸದುರ್ಗವೂ ಕಾಞಂಗಾಡೂ ಒಂದೇ ಪೇಟೆ. ಒಬ್ಬರು ಕಾಸರಗೋಡು ಎಂದು ಬರೆದರೆ ಇನ್ನೊಬ್ಬರು ಮಲಯಾಳ ಉಚ್ಚಾರಕ್ಕೆ ಕಾಸರ್‌ಗೋಡ್ ಎಂದು ಬರೆಯುತ್ತಾರೆ. ಮಂಜೇಶ್ವರ, ಮಂಜೇಶ್ವರಂ ಎರಡೂ ಬರುತ್ತವೆ. ಕೆಲಸಕ್ಕೆ ಇಳಿಯುವ ಮೊದಲೇ ಊರ ಹೆಸರುಗಳ ಒಂದು ಒಪ್ಪಿತ ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳಿ. ಕನ್ನಡದವರ ಕಡತದಲ್ಲಿ ಕನ್ನಡ ಹೆಸರು ಮುಖ್ಯ ಕಾಲಂನಲ್ಲಿರಲಿ, ಉಳಿದ ರೂಪಗಳು ಅದರ ಪಕ್ಕದಲ್ಲಿ. ಕನ್ನಡದ ಊರ ಹೆಸರು ಪಟ್ಟಿಯಿಂದ ಒಮ್ಮೆ ಬಿದ್ದುಹೋದರೆ ಮುಂದಿನ ಪಟ್ಟಿಯವರಿಗೆ ಅದು ಇತ್ತೆಂಬುದೇ ತಿಳಿಯದು.

ದಸ್ತಾವೇಜಿನಲ್ಲಿ ಸೆಂಟ್, ತೆರಿಗೆ ರಶೀದಿಯಲ್ಲಿ ಆರ್. ತಾಳೆ ನೋಡುವುದು ಹೇಗೆ?

1 ಎಕರೆಗೆ 100 ಸೆಂಟ್, 1 ಸೆಂಟ್ ಎಂದರೆ ಸುಮಾರು 40.47 ಚದರ ಮೀಟರ್. 1 ಆರ್ ಎಂದರೆ 100 ಚದರ ಮೀಟರ್, ಅಂದರೆ ಸುಮಾರು 2.47 ಸೆಂಟ್. 25 ಸೆಂಟ್ ಜಾಗ ರಶೀದಿಯಲ್ಲಿ 10 ಆರ್ 12 ಚದರ ಮೀಟರ್ ಆಸುಪಾಸಿನಲ್ಲಿ ಬರಬೇಕು. ಮೂಲದ ಅಂಕಿಯ ಮೇಲೆಯೇ ಪರಿವರ್ತಿಸಿ ಬರೆಯಬೇಡಿ, ಪಕ್ಕದ ಕಾಲಂನಲ್ಲಿ ಬರೆಯಿರಿ. ಸರ್ವೆ ನಂಬರಿನಲ್ಲೂ ಹಳೆಯದು, ಮರುಸರ್ವೆಯ ನಂಬರು ಎಂದು ಎರಡು ಇರುವುದರಿಂದ ಎರಡಕ್ಕೂ ಜಾಗ ಬಿಡಿ.

ಕಂಪ್ಯೂಟರ್ ಅಕಾರಾದಿಯಾಗಿ ಜೋಡಿಸಿದಾಗ ಕನ್ನಡ ಪದಗಳು ಅಡ್ಡಾದಿಡ್ಡಿ ಬರುತ್ತವೆ. ಯಾಕೆ?

ತಂತ್ರಜ್ಞರು ಅಕಾರಾದಿ ನಿಯಮಕ್ಕೂ ‘ಕೊಲೇಶನ್’ ಎಂದೇ ಹೇಳುತ್ತಾರೆ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಸಂಖ್ಯೆಯಿದೆ. ಆ ಸಂಖ್ಯೆಗಳ ಕ್ರಮವೂ ನಮ್ಮ ವರ್ಣಮಾಲೆಯ ಕ್ರಮವೂ ಪೂರ್ತಿ ಒಂದೇ ಅಲ್ಲ. ಮುಖ್ಯ ವ್ಯತ್ಯಾಸ ಇರುವುದು ಳಕಾರದಲ್ಲಿ. ನಾವು ಳ ಅನ್ನು ಹಕಾರದ ನಂತರ, ಕೊನೆಗೆ ಓದುತ್ತೇವೆ. ಸಂಕೇತ ಸಂಖ್ಯೆಯಲ್ಲಿ ಅದು ಲಕಾರದ ಬೆನ್ನಿಗೇ ಇದೆ, ವಕಾರಕ್ಕಿಂತ ಮೊದಲು.

ಐದು ಪದಗಳನ್ನು ನೋಡಿ. ನಿಘಂಟಿನ ಕ್ರಮದಲ್ಲಿ: ಬಲ, ಬವಣೆ, ಬಸಳೆ, ಬಹಳ, ಬಳೆ. ಬರಿಯ ಸಂಕೇತ ಸಂಖ್ಯೆಯ ಕ್ರಮದಲ್ಲಿ: ಬಲ, ಬಳೆ, ಬವಣೆ, ಬಸಳೆ, ಬಹಳ. ಪಟ್ಟಿ ಕೈಯಲ್ಲಿ ಹಿಡಿದವರು ಬಳೆಯನ್ನು ಕೊನೆಯಲ್ಲಿ ಹುಡುಕಿ, ಕಾಣದೆ, ‘ಈ ಹೆಸರು ಇಲ್ಲ’ ಎಂದುಬಿಡುತ್ತಾರೆ. ತಂತ್ರಾಂಶದಲ್ಲಿ ಭಾಷೆಯನ್ನು ಕನ್ನಡ ಎಂದು ಆರಿಸಿ ಮತ್ತೊಮ್ಮೆ ಜೋಡಿಸಿ. ಜೋಡಿಸಿದ ಮೇಲೆ ಈ ಐದು ಪದಗಳನ್ನು ಹಾಕಿ ಪರೀಕ್ಷಿಸಿ, ಐದೇ ನಿಮಿಷದ ಕೆಲಸ.

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರು ಬೇರೆ ಬೇರೆ ಎಂದು ಕಂಪ್ಯೂಟರ್ ಹೇಳುತ್ತದಲ್ಲ?

ನಾಲ್ಕು ಕಾರಣ ನೋಡಿ. ಅನುಸ್ವಾರದ ಬದಲಿಗೆ ಕನ್ನಡದ ಸೊನ್ನೆ ಬಿದ್ದಿರಬಹುದು: ‘ಕುಂಬಳೆ’ ಮತ್ತು ‘ಕು೦ಬಳೆ’, ಇವೆರಡರಲ್ಲಿ ಎರಡನೆಯದಕ್ಕೆ ಅಂಕಿ ಸೇರಿದೆ. ಕಾಸರ್‌ಗೋಡ್ ಎಂಬಲ್ಲಿ ರ್ ಮತ್ತು ಗೋ ಬೇರೆಯಾಗಿ ನಿಲ್ಲಲು ಹಾಕುವ ಅದೃಶ್ಯ ಚಿಹ್ನೆ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿರಬಹುದು. ಓತ್ವ, ಏತ್ವಗಳಂಥ ಸ್ವರಚಿಹ್ನೆ ಒಂದು ಫೈಲಿನಲ್ಲಿ ಒಂದೇ ಸಂಕೇತವಾಗಿ, ಇನ್ನೊಂದರಲ್ಲಿ ಎರಡು ತುಂಡಾಗಿ ಸೇರಿರಬಹುದು. ಈ ಕೊನೆಯದಕ್ಕೆ ಪರಿಹಾರ ಎನ್‌ಎಫ್‌ಸಿ ಎಂಬ ಯೂನಿಕೋಡ್ ಸಮರೂಪೀಕರಣ, ಅಂದರೆ ತುಂಡುಗಳನ್ನು ಒಂದೇ ಸಂಕೇತಕ್ಕೆ ತರುವ ಕ್ರಮ. ‘ಬರಹ’, ‘ನುಡಿ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಯೂನಿಕೋಡ್ ಅಲ್ಲದೆ ಮಾಡಿದ ಫೈಲುಗಳನ್ನಂತೂ ಮೊದಲು ಪರಿವರ್ತಿಸದೆ ಸೇರಿಸಲೇಬಾರದು.

ಪ್ರಿಂಟ್ ಕೊಡುವಾಗ ಕಾಣುವ ‘ಕೊಲೇಟ್’ ಗುರುತು ಏನು?

ಗುರುತು ಹಾಕಿದರೆ 1, 2, 3 ಪುಟ ಮುಗಿದು ಮತ್ತೆ 1, 2, 3 ಎಂದು ಸೆಟ್ ಸೆಟ್ಟಾಗಿ ಬರುತ್ತದೆ. ತೆಗೆದರೆ ಒಂದನೆಯ ಪುಟದ ಎಲ್ಲ ಪ್ರತಿ, ಆಮೇಲೆ ಎರಡನೆಯದರದ್ದು. ಗ್ರಾಮಸಭೆಗೆ 8 ಪುಟದ ಕರಡಿನ 20 ಪ್ರತಿ ಬೇಕೆಂದರೆ ಎರಡು ಬದಿ ಮುದ್ರಣಕ್ಕೆ 80 ಹಾಳೆ. ಗುರುತು ಹಾಕಿದ್ದರೆ ನಾಲ್ಕು ನಾಲ್ಕು ಹಾಳೆಗೆ ಪಿನ್ ಹೊಡೆದು ಮುಗಿಸಬಹುದು.

ಎಡವುವುದು ಬೆಸ ಪುಟಗಳಲ್ಲಿ. 7 ಪುಟದ ಪ್ರತಿಗಳನ್ನು ಒಂದೇ ಉದ್ದ ಕಡತವಾಗಿ ಎರಡು ಬದಿ ಮುದ್ರಣಕ್ಕೆ ಕೊಟ್ಟರೆ 7ನೆಯ ಪುಟದ ಬೆನ್ನಿಗೆ ಮುಂದಿನ ಪ್ರತಿಯ 1ನೆಯ ಪುಟ ಬೀಳುತ್ತದೆ. 8ನೆಯದಾಗಿ ಒಂದು ಖಾಲಿ ಪುಟ ಸೇರಿಸಿ ಕೊಡಿ. ಮೊದಲು ಎರಡೇ ಪ್ರತಿ ತೆಗೆದು ನೋಡಿ, ಮತ್ತೆ ಉಳಿದದ್ದು.

ಸ್ಮರಣ ಸಂಚಿಕೆಯ ಹಾಳೆಗಳನ್ನು ಕೈಯಲ್ಲೇ ಜೋಡಿಸುವಾಗ ಪುಟ ತಪ್ಪದಂತೆ ಏನು ಮಾಡಬೇಕು?

ಉದ್ದ ಮೇಜಿನ ಮೇಲೆ ಪುಟವಾರು ಕಟ್ಟುಗಳನ್ನು ಸಾಲಾಗಿ ಇಡಿ. ಮುಖ ಮೇಲಾಗಿದ್ದರೆ ಕೊನೆಯ ಪುಟದಿಂದ ಎತ್ತುತ್ತಾ ಬನ್ನಿ, ಆಗ ಮೊದಲ ಪುಟ ಮೇಲೆ ನಿಲ್ಲುತ್ತದೆ. ಹಾಳೆ ಎಣಿಸಿ ಸಮವಾಗಿಟ್ಟಿದ್ದರೆ ಎಲ್ಲ ಕಟ್ಟುಗಳೂ ಒಂದೇ ಸುತ್ತಿನಲ್ಲಿ ಖಾಲಿಯಾಗಬೇಕು. ಯಾವುದೋ ಒಂದು ಕಟ್ಟಿನಲ್ಲಿ ಹಾಳೆ ಉಳಿಯಿತೆಂದರೆ ಆ ಪುಟವಿಲ್ಲದ ಒಂದು ಪ್ರತಿ ಸಿದ್ಧವಾದ ರಾಶಿಯೊಳಗೆ ಇದೆ ಎಂದೇ ಅರ್ಥ; ಉಳಿದ ಹಾಳೆಯನ್ನು ಬಿಸಾಡದೆ ಆ ಪ್ರತಿಯನ್ನು ಹುಡುಕಿ.

ಪುಸ್ತಕ ಕಟ್ಟುವವರ ಉಪಾಯ ಇನ್ನೂ ಚೆನ್ನ. 16 ಪುಟಗಳ ಪ್ರತಿ ಮಡಿಕೆಯ ಬೆನ್ನಿನ ಮೇಲೆ ಒಂದು ಕಪ್ಪು ಗೆರೆ, ಒಂದಕ್ಕಿಂತ ಮುಂದಿನದರಲ್ಲಿ ಸ್ವಲ್ಪ ಕೆಳಗೆ. ಎಲ್ಲ ಸರಿಯಾಗಿ ಜೋಡಿಸಿದ್ದರೆ ಬೆನ್ನಿನ ಮೇಲೆ ಮೆಟ್ಟಿಲಿನ ಹಾಗೆ ಇಳಿಯುವ ಸಾಲು ಕಾಣುತ್ತದೆ. ಒಂದು ಮೆಟ್ಟಿಲು ಇಲ್ಲವಾದರೆ ಮಡಿಕೆ ಬಿಟ್ಟುಹೋಗಿದೆ, ಎರಡು ಗೆರೆ ಒಂದೇ ಎತ್ತರದಲ್ಲಿದ್ದರೆ ಒಂದೇ ಮಡಿಕೆ ಎರಡು ಸಲ ಸೇರಿದೆ.

ಮನೆಯಲ್ಲಿ ಒಂದೇ ಯಕ್ಷಗಾನ ಪ್ರಸಂಗದ ಎರಡು ಮೂರು ಕೈಬರಹದ ಪ್ರತಿಗಳಿವೆ. ಕೊಲೇಟ್ ಮಾಡುವುದು ಹೇಗೆ?

ಪದದ ಹಳೆಯ, ಅತ್ಯಂತ ಗೌರವದ ಬಳಕೆ ಇರುವುದು ಇಲ್ಲಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳ ನಾಡು ಇದು. ಅಟ್ಟದಲ್ಲಿ ಓಲೆಯ ಕಟ್ಟೋ ಭಾಗವತರ ಹಳೆಯ ನೋಟ್‌ಬುಕ್ಕೋ ಸಿಕ್ಕಿದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಓಲೆಯಾದರೆ ದಾರ ಬಿಚ್ಚುವ ಮೊದಲು ಇದ್ದ ಕ್ರಮದಲ್ಲೇ ಪ್ರತಿ ಗರಿಯ ಎರಡೂ ಬದಿಯ ಫೋಟೋ ತೆಗೆಯಿರಿ. ಗರಿಸಂಖ್ಯೆ ಮಾಸಿದ್ದರೆ ಪದ್ಯದ ಸಂಖ್ಯೆ, ರಾಗ–ತಾಳದ ಶೀರ್ಷಿಕೆಗಳ ಸಹಾಯದಿಂದ ಕ್ರಮ ಹಚ್ಚಬಹುದು. ನಂತರ ಪ್ರತಿಗಳಿಗೆ ಕ, ಖ, ಗ ಎಂದು ಗುರುತು ಕೊಡಿ. ಹೆಚ್ಚು ಪೂರ್ಣವಾಗಿ, ಸ್ಪಷ್ಟವಾಗಿ ಇರುವುದನ್ನು ಆಧಾರ ಪ್ರತಿ ಮಾಡಿ ಪೂರ್ತಿ ನಕಲು ಮಾಡಿ. ಉಳಿದವನ್ನು ಅದರ ಜೊತೆ ಸಾಲು ಸಾಲಾಗಿ ಹೋಲಿಸಿ. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಎರಡನೆಯ ಪ್ರತಿ ನೋಡುವುದು ಒಳ್ಳೆಯ ಕ್ರಮ. ವ್ಯತ್ಯಾಸ ಬಂದಲ್ಲಿ ಅಡಿಯಲ್ಲಿ ಹೀಗೆ ಬರೆಯಿರಿ: ‘ಪದ್ಯ 12, ಸಾಲು 3: ಬಂದ – ಕ, ಬಂದು – ಖ, ಗ.’

ಯಾವುದು ಬರಹದ ರೂಢಿ, ಯಾವುದು ನಿಜವಾದ ಪಾಠಾಂತರ ಎಂದು ತಿಳಿಯಬೇಕು. ಹಳೆಯ ಬರಹದಲ್ಲಿ ಎ–ಏ, ಒ–ಓ ಎಂದು ಹ್ರಸ್ವ ದೀರ್ಘ ಬೇರೆ ತೋರಿಸದಿರುವುದುಂಟು. ‘ಅಣ್ಣ’ ಎಂಬುದಕ್ಕೆ ‘ಅಂಣ’ ಎಂದೇ ಬರೆಯುವುದುಂಟು. ಇವನ್ನು ಪಾಠಾಂತರವೆಂದು ಪ್ರತಿ ಸಲ ದಾಖಲಿಸಿದರೆ ಅಡಿಟಿಪ್ಪಣಿ ತುಂಬಿ ನಿಜವಾದದ್ದು ಮುಚ್ಚಿಹೋಗುತ್ತದೆ. ಮುನ್ನುಡಿಯಲ್ಲಿ ಒಮ್ಮೆ ಹೇಳಿದರೆ ಆಯಿತು. ಪ–ವ, ಮ–ವುಗಳಂಥ ಆಕಾರ ಹೋಲುವ ಅಕ್ಷರಗಳ ಗೊಂದಲವನ್ನಾದರೆ ಬರೆದಿಡಿ.

ಎರಡು ಸಾಲು ಒಂದೇ ಪದದಿಂದ ಮುಗಿದಿದ್ದರೆ ನಕಲುಗಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರುತ್ತದೆ, ನಡುವಿನದ್ದು ಬಿಟ್ಟುಹೋಗುತ್ತದೆ. ಇದನ್ನು ಹಿಡಿಯಲು ಛಂದಸ್ಸು ಸಹಾಯ ಮಾಡುತ್ತದೆ. ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೆಯ ಸಾಲುಗಳಿಗೆ ಮೂರು–ನಾಲ್ಕರ ಗಣಗಳಲ್ಲಿ 14 ಮಾತ್ರೆ. 3 ಮತ್ತು 6ನೆಯದಕ್ಕೆ ಕೊನೆಯ ಗುರು ಸೇರಿ 23. ಎಣಿಸಿದಾಗ 23ರ ಬದಲು 16 ಬಂದರೆ ಮೂರು–ನಾಲ್ಕರ ಒಂದು ಜೋಡಿ ಬಿದ್ದುಹೋಗಿದೆ. ಸಾಲಿನ ಎರಡನೆಯ ಅಕ್ಷರದ ಪ್ರಾಸವೂ ಸಾಕ್ಷಿ ಹೇಳುತ್ತದೆ. (ಪ್ರಾಸವನ್ನು ಬಿಟ್ಟು ಬರೆದ ಮಂಜೇಶ್ವರ ಗೋವಿಂದ ಪೈಗಳ ಪದ್ಯಗಳಿಗೆ ಈ ಎರಡನೆಯ ಸಾಕ್ಷಿ ನಡೆಯದು.)

ಭಾಗವತರ ಪುಸ್ತಕದಲ್ಲಿ ಕೆಲವು ಪದ್ಯ ಇಲ್ಲದಿದ್ದರೆ ಅದು ನಕಲಿನ ತಪ್ಪೇ ಆಗಬೇಕೆಂದಿಲ್ಲ. ಆಟದ ಅವಧಿಗೆ ತಕ್ಕಂತೆ ಬಿಟ್ಟದ್ದಿರಬಹುದು. ‘ಖ ಪ್ರತಿಯಲ್ಲಿ ಇಲ್ಲ’ ಎಂದಷ್ಟೇ ಬರೆಯಿರಿ.

ಹೋಲಿಸುವಾಗ ತಪ್ಪು ಕಂಡರೆ ಅಲ್ಲೇ ತಿದ್ದಬಹುದೇ?

ಬೇಡ. ಮಾತ್ರೆ ಕಮ್ಮಿಯಾದಲ್ಲಿ ಚೆಂದದ ಪದವೊಂದು ನಿಮಗೆ ಹೊಳೆದರೂ ಅದು ನಿಮ್ಮ ಪದ, ಕವಿಯದಲ್ಲ. ವಾರ್ಡಿನ ಪಟ್ಟಿಯಲ್ಲಿ ಹುಟ್ಟಿದ ವರ್ಷ 1857 ಎಂದಿದ್ದರೆ ಅದು 1957 ಎಂದು ನಮಗೆಲ್ಲ ಗೊತ್ತು, ಆದರೂ ಮೂಲದ ಕಾಲಂ ಮುಟ್ಟದೆ ‘ಸೂಚಿತ’ ಎಂಬ ಬೇರೆ ಕಾಲಂನಲ್ಲಿ ಬರೆದು, ತಾರೀಕು ಹಾಕಿ, ಯಾವ ದಾಖಲೆ ನೋಡಿ ತಿದ್ದಿದಿರಿ ಎಂದು ನಮೂದಿಸಿ.

ಕೊಲ್ಯಾಟರಲ್ ಎಂಬ ಬ್ಯಾಂಕಿನ ಪದ ಇದರದ್ದೇ ಬಳಗವೇ?

ಅಲ್ಲ. ಸಾಲಕ್ಕೆ ಇಡುವ ಒತ್ತೆಯ ಆ ಪದ ‘ಪಾರ್ಶ್ವ, ಬದಿ’ ಎಂಬರ್ಥದ ಇನ್ನೊಂದು ಲ್ಯಾಟಿನ್ ಪದದಿಂದ ಬಂದದ್ದು. ಕೊಲೇಶನ್‌ಗೆ ಮಾತ್ರ ‘ಲಘು ಫಲಾಹಾರ’ ಎಂಬ ಅರ್ಥವೂ ಇದೆ: ಕ್ರೈಸ್ತ ಮಠಗಳಲ್ಲಿ ಸಂಜೆ ಆ ಹೆಸರಿನ ಗ್ರಂಥದ ಪಾರಾಯಣದ ಹೊತ್ತಿಗೆ ಸಿಗುತ್ತಿದ್ದ ಸಣ್ಣ ಊಟಕ್ಕೆ ಗ್ರಂಥದ ಹೆಸರೇ ಅಂಟಿತು. ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ‘ಕೋಲ್ಡ್ ಕೊಲೇಶನ್’ ಎಂದು ಕಂಡರೆ ಅದನ್ನು ಕ್ರೋಡೀಕರಣ ಎಂದು ಅನುವಾದಿಸಬೇಡಿ. ಅದು ತಣ್ಣಗಿನ ತಿಂಡಿಯ ತಟ್ಟೆ.